ಬಸಣ್ಣನ ಎಂಟು ಎಣಿಕೆ

ಕಳೆದ ಶುಕ್ರವಾರ ಮಧ್ಯಾಹ್ನ ಗೆಳೆಯ ನೌಫಲ್‌ನ ಹಳೆಯ ಫ್ರಿಜ್ ಸಾಗಿಸಲು ದೋಹಾದ ಪಕ್ಕದ ಅಲ್ ವಕ್ರಾಕ್ಕೆ ಹೋಗಿದ್ದೆ. ಸಾಗಿಸಲು ಎಂದರೆ, ಇಬ್ಬರು ಗಟ್ಟಿಗರು ಫ್ರಿಜ್ ಹೊರುವಾಗ ಪಕ್ಕದಲ್ಲಿ ನಿಂತು ‘ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ’ ಎನ್ನಲು. ಅವರ ಹಿಂದೆ ಲಿಫ್ಟಿನಲ್ಲಿ ಇಳಿದೆ. ಬೇಸ್‌ಮೆಂಟಿನಲ್ಲಿ ಬಾಗಿಲು ತೆರೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಬಿಸಿ ಟಯರು, ಸಿಮೆಂಟು, ಎ.ಸಿ. ಪೈಪಿನಿಂದ ಹನಿದು ಹನಿದು ಮೂಲೆಯಲ್ಲಿ ನಿಂತ ನೀರು. ಒಂದು ಕಡಿಮೆ ಇತ್ತು: ಶೇಂಗಾ ಚಟ್ನಿ. ಅದನ್ನು ನನ್ನ ಮೂಗು ತಾನಾಗಿಯೇ ಸೇರಿಸಿಕೊಂಡಿತು.

ಮೂರನೆಯ ಕಂಬದ ಹತ್ತಿರ ಹೋಗಿ ಜಪಾನಿ ಹಾಡಿನ ಒಂದು ಸಾಲು ಹಾಡಿದೆ. ಬೇಸ್‌ಮೆಂಟು ಅದನ್ನು ಎತ್ತಿ ಹಿಡಿದು, ತಿರುಗಿಸಿ ನೋಡಿ, ವಾಪಸು ಕೊಟ್ಟಿತು.

ಫ್ರಿಜ್ ಹೊತ್ತವನೊಬ್ಬ ನೌಫಲ್‌ನನ್ನು ಕೇಳಿದ, “ಇವನಿಗೆ ಏನಾಯ್ತು?”

“ಈಗ ಆದದ್ದಲ್ಲ,” ಎಂದ ನೌಫಲ್. “ಮೊದಲೇ ಹೀಗೆ.”

ಹೌದು, ಮೊದಲೇ ಹೀಗೆ. ನಾನು ಇಮ್ತಿಯಾಜ್. ಮನೆ ದೇರಳಕಟ್ಟೆಯ ಹತ್ತಿರ, ಆದರೆ ಬುದ್ಧಿ ಬಂದದ್ದು ದೋಹಾದಲ್ಲಿ. ಬಂದಿಲ್ಲ ಎನ್ನುವವರೂ ಇದ್ದಾರೆ. ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಬಂದವರನ್ನು ನಗುಮುಖದಿಂದ ಕೂರಿಸುವ ಕೆಲಸ. ಅವರು ಎದ್ದು ಹೋದ ಮೇಲೆ ಅವರ ಹಾಗೆ ಮಾತಾಡಿ ತೋರಿಸುವುದು ಸಂಬಳವಿಲ್ಲದ ಕೆಲಸ. ಮ್ಯಾನೇಜರ್ ಫೋನಿನಲ್ಲಿ ಹೆಂಡತಿಗೆ ಹೆದರುವ ದನಿ, ಮೆಟ್ರೋದಲ್ಲಿ ಸ್ಟೇಷನ್ ಹೆಸರು ಹೇಳುವ ಹೆಂಗಸಿನ ದನಿ, ಕೆಟ್ಟ ಎ.ಸಿ.ಯ ದನಿ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನದೊಂದಕ್ಕೆ ಮಾತ್ರ ಕೋಣೆ ಸಿಕ್ಕಿರಲಿಲ್ಲ.

ಹತ್ತು ವರ್ಷದವನಿದ್ದಾಗ, ಅಜ್ಜ ತೀರಿಕೊಂಡ ಮರುತಿಂಗಳು, ಬಾಗಿಲ ಹೊರಗೆ ನಿಂತು ಅಜ್ಜನ ಕೆಮ್ಮು ಕೆಮ್ಮಿದ್ದೆ. ಒಳಗಿನಿಂದ ನನ್ನ ತಾಯಿ, ಉಮ್ಮ, ಚಹಾದ ಗ್ಲಾಸು ಹಿಡಿದುಕೊಂಡು ಅರ್ಧ ದಾರಿ ಬಂದರು. ಆಮೇಲೆ ನಿಂತರು. ನಾನು ನಕ್ಕೆ. ಉಮ್ಮ ನಗಲಿಲ್ಲ, ಬೈಯಲೂ ಇಲ್ಲ. ಆ ದಿನವೇ ಕಲಿಯಬೇಕಿತ್ತು. ಕಲಿಯಲು ನನಗೆ ಇನ್ನೂ ಹದಿಮೂರು ವರ್ಷ ಮತ್ತು ಇಳಕಲ್ಲಿನ ಒಬ್ಬ ಮನುಷ್ಯ ಬೇಕಾಯಿತು.

ಮೂರು ವರ್ಷದ ಹಿಂದಿನ ಸೆಕೆಗಾಲ. ಜ್ವರ ಬಂದು ಕ್ಲಿನಿಕ್ಕಿನಲ್ಲಿ ಕುಳಿತಿದ್ದೆ. ಟೋಕನ್ ಕೂಗುವ ಯಂತ್ರದ ದನಿ ಎಷ್ಟು ಚೆನ್ನಾಗಿತ್ತೆಂದರೆ ತಡೆಯಲಾಗಲಿಲ್ಲ. ನಾನೂ ಒಂದು ನಂಬರು ಕೂಗಿದೆ. ಒಬ್ಬರು ಎದ್ದು ಒಳಗೆ ಹೋದರು. ಇನ್ನೊಂದು ಕೂಗಿದೆ. ಇನ್ನೊಬ್ಬರು ಹೋದರು. ಮೂರನೆಯದಕ್ಕೆ ಹೊರಗೆ ಬಂದದ್ದು ನರ್ಸ್ ಜಾಯ್ಲಿನ್ ಅಕ್ಕ. ಕಿನ್ನಿಗೋಳಿಯವರು, ಚರ್ಚಿನ ಗಾಯನ ತಂಡದಲ್ಲಿ ಹಾಡುವವರು, ಸುಳ್ಳು ದನಿಯನ್ನು ಗೋಡೆಯಾಚೆಯಿಂದಲೂ ಹಿಡಿಯುವವರು.

“ಎಂತ ಮಾರಾಯ ನೀನು! ಡಾಕ್ಟ್ರ ಎದುರು ಮೂರು ಜನ ಒಟ್ಟಿಗೆ ಶರ್ಟು ಬಿಚ್ಚಿ ನಿಂತಿದ್ದಾರೆ!”

ಕೋಣೆಯೆಲ್ಲ ನಕ್ಕಿತು. ಪಕ್ಕದ ಕುರ್ಚಿಯಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ದಪ್ಪ ಮೀಸೆಯವರು ಮಾತ್ರ ನಗದೆ ಏನೋ ಗುನುಗುತ್ತಿದ್ದರು. ಬಿಸಿಲು ಬಡಿದ ಕೆಲಸಗಾರನೊಬ್ಬನನ್ನು ಸೈಟಿನಿಂದ ಕರೆತಂದ ಸೂಪರ್‌ವೈಸರು. ಗುನುಗುತ್ತಿದ್ದದ್ದು ನನಗೆ ಗೊತ್ತಿದ್ದ ಹಾಡು. ರೋಬೋಟು ಸಮುದ್ರದಿಂದ ಎದ್ದುಬರುವ ಜಪಾನಿ ಕಾರ್ಟೂನಿನ ಶುರುವಿನ ಹಾಡು.

“ನಿಮಗೆ ಇದು ಹೇಗೆ ಗೊತ್ತು?” ಎಂದೆ.

“ನನ್ನ ಮಗಳು ಗಂಟು ಬಿದ್ದಾಳಪಾ. ಏಳನೇತ್ತೆ ಓದತಾಳ. ದಿನಾ ಫೋನ್ ಹಚ್ಚಿದ್ರ ಇದ ಹಾಡು. ‘ಅಪ್ಪಾ, ನೀ ಆ ದಪ್ಪ ಧ್ವನೀದು ಹಾಡು, ನಾ ಉಳದಿದ್ದು ಹಾಡತೇನಿ’ ಅಂತಾಳ.”

ಜಾಯ್ಲಿನ್ ಅಕ್ಕ ಬೈಯುವುದನ್ನು ಅರ್ಧಕ್ಕೆ ಬಿಟ್ಟು, “ಆ ಐದು ಜನರ ಗುಂಪಿನದ್ದಾ?” ಎಂದರು.

ಹೀಗೆ ನಾನು, ಅಕ್ಕ, ಆ ದಪ್ಪ ಮೀಸೆಯ ಬಸಣ್ಣ, ಮೂವರಾದೆವು.

ಆ ಐದು ಜನರ ಕಥೆ ನನಗೆ ನನ್ನ ವಂಶದ ಕಥೆಗಿಂತ ಚೆನ್ನಾಗಿ ಗೊತ್ತು. ಮೂವರು ಗಂಡಸರು, ಇಬ್ಬರು ಹೆಂಗಸರು. ಮೊದಲು ಒಬ್ಬೊಬ್ಬರೇ ಕಾರ್ಟೂನುಗಳಿಗೆ ಹಾಡುತ್ತಿದ್ದರು. ಊರಿನ ಮಕ್ಕಳಿಗೆಲ್ಲ ಹಾಡು ಬಾಯಿಪಾಠ, ಹಾಡಿದವರ ಮುಖ ಒಬ್ಬರಿಗೂ ಗೊತ್ತಿಲ್ಲ. ಪರದೆಯ ಮೇಲೆ ರೋಬೋಟು ಇರುವಾಗ ಗಾಯಕರ ಹೆಸರು ಓದುವವರು ಯಾರು? ಕೂದಲು ನೆರೆಯಲು ಶುರುವಾದ ಮೇಲೆ ಐವರೂ ಒಟ್ಟಾದರು. ಚಂದದ ಹುಡುಗ ಹುಡುಗಿಯರ ಕುಣಿತ ಇಲ್ಲ. ಬೊಜ್ಜಿನ ಮೇಲೆ ಚರ್ಮದ ಜಾಕೆಟು, ಕೊರಳಲ್ಲಿ ಉಬ್ಬಿದ ನರ, ಜಗತ್ತು ಈ ಸಂಜೆಯೇ ಉಳಿಯಬೇಕು ಎನ್ನುವ ಹಾಗೆ ಹಾಡು. ಸಣ್ಣ ಸಭಾಂಗಣಗಳಿಂದ ದೊಡ್ಡವಕ್ಕೆ, ಅಲ್ಲಿಂದ ಬೇರೆ ದೇಶಗಳಿಗೆ ಹೋದರು. ಬಸಣ್ಣ ಅವರಿಗೆ ಇಟ್ಟ ಹೆಸರು ‘ಜಪಾನಿ ಭಜನಾ ಮೇಳ’. ಊರಿನ ಮಠದಲ್ಲಿ ಶಿವಭಜನೆ ಹಾಡಿ ಬೆಳೆದವರು ಅವರು. “ಒಬ್ಬಾಂವ ಎತ್ತತಾನ, ಉಳದಾವ್ರು ಹಿಡೀತಾರ. ಭಜನಿ ಅಲ್ಲೇನಪಾ ಮತ್ತ ಇದು?” ಎಂದು ವಾದಿಸುತ್ತಿದ್ದರು.

ಜಾಯ್ಲಿನ್ ಅಕ್ಕ ಇದ್ದದ್ದು ನೌಫಲ್‌ನ ಫ್ರಿಜ್ ಇಳಿಸಿದ ಇದೇ ವಕ್ರಾದ ಕಟ್ಟಡದಲ್ಲಿ. ಮನೆಯೊಳಗೆ ಹಾಡಿದರೆ ಪಕ್ಕದವರು ಗೋಡೆ ಬಡಿಯುತ್ತಿದ್ದರು, ಅದೂ ತಾಳ ತಪ್ಪಿ. ಹಾಗಾಗಿ ಬೇಸ್‌ಮೆಂಟು. ಶುಕ್ರವಾರ ಅಕ್ಕ ಅಬು ಹಮೂರಿನ ಚರ್ಚಿನಲ್ಲಿ ಪೂಜೆ ಮುಗಿಸಿ ಬರುತ್ತಿದ್ದರು, ನಾನು ಜುಮ್ಮಾ ನಮಾಜು ಮುಗಿಸಿ, ಬಸಣ್ಣ ತಲೆಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಡಬ್ಬಿಯಲ್ಲಿ ರೊಟ್ಟಿ ಚಟ್ನಿ ಕಟ್ಟಿಕೊಂಡು. ಮೂವರೂ ಅವರವರ ದೇವರ ಕೆಲಸ ತೀರಿಸಿ ರೋಬೋಟಿನ ಸೇವೆಗೆ ನಿಲ್ಲುತ್ತಿದ್ದೆವು. ಐವರ ಹಾಡನ್ನು ಮೂವರು ಹಂಚಿಕೊಂಡೆವು. ಅಕ್ಕ ಇಬ್ಬರು ಹೆಂಗಸರು, ನಾನು ಇಬ್ಬರು ಗಂಡಸರು. ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ದಪ್ಪ ದನಿಯವರ ಪಾಲು ಬಸಣ್ಣನದು. ಇಡೀ ಹಾಡಿನಲ್ಲಿ ಅವರೊಬ್ಬರೇ ಹಾಡುವುದು ಒಂದು ಸಾಲು, ಎಂಟು ಎಣಿಕೆಯಷ್ಟು. ಆ ಸಾಲು ಬಂದಾಗ ನಿಂತ ಕಾರುಗಳ ಗಾಜು ನಡುಗುತ್ತಿತ್ತು. ನಾನು ಉತ್ಪ್ರೇಕ್ಷೆ ಮಾಡುವವನೇ, ಆದರೆ ಒಂದು ಕಾರಿನ ಅಲಾರಂ ಹೊಡೆದದ್ದಕ್ಕೆ ಅಕ್ಕನೇ ಸಾಕ್ಷಿ.

ಸೈಟಿನ ಡೈರಿಯಲ್ಲಿ, ಸಿಮೆಂಟು ಚೀಲಗಳ ಲೆಕ್ಕದ ಹಿಂದಿನ ಪುಟದಲ್ಲಿ, ಬಸಣ್ಣ ಇಡೀ ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ಅವರ ಸಾಲು ‘ಮಾದಾ ಕೊಕೊ ನಿ ಇರು’. ಇನ್ನೂ ಇಲ್ಲೇ ಇದ್ದೇನೆ ಎಂದರ್ಥವಂತೆ. ಮಗಳು ಹುಡುಕಿ ಹೇಳಿದ್ದಳು.

ಒಮ್ಮೆ ಅಕ್ಕ ಫೋನಿನಲ್ಲಿ ಆ ಗುಂಪಿನ ಒಂದು ಹಳೆಯ ಕಾರ್ಯಕ್ರಮ ತೋರಿಸಿದರು. ಆ ವರ್ಷ ಹಿರಿಯರಿಗೆ ಗಂಟಲ ಕಾಯಿಲೆ. ವೇದಿಕೆಯ ಮೇಲೆ ನಾಲ್ಕೇ ಜನ, ಐದು ಮೈಕು. ಅವರ ಸಾಲು ಬಂದಾಗ ನಾಲ್ವರೂ ಬಾಯಿ ಮುಚ್ಚಿ ಆ ಐದನೆಯ ಮೈಕಿನ ಕಡೆ ತಿರುಗಿ ನಿಂತರು. ಬರೀ ವಾದ್ಯ. ಎಂಟು ಎಣಿಕೆ ಮುಗಿದ ಮೇಲೆ ಮುಂದಿನ ಸಾಲು. ಹಾಗೆ ಒಂದು ವರ್ಷವಿಡೀ, ಪ್ರತಿ ಊರಿನಲ್ಲಿ. ಮರುವರ್ಷ ಹಿರಿಯರು ಬಂದರು, ದನಿ ಅರ್ಧವಾಗಿತ್ತು. ಉಳಿದ ನಾಲ್ವರು ಶ್ರುತಿ ಬದಲಿಸಿಕೊಂಡು ಅವರ ಜೊತೆ ಹಾಡಿದರು.

ಬಸಣ್ಣ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. “ಮೇಳ ಅಂದ್ರ ಇದು ನೋಡು.” ನಾನು ತಕ್ಷಣ ಅವರ ಹಾಗೆಯೇ ಮೂಗೆಳೆದು, ಮೀಸೆ ಒರೆಸಿ ತೋರಿಸಿದೆ. ಬಸಣ್ಣ ಅಳುತ್ತಲೇ ನಕ್ಕು ನನ್ನ ಬೆನ್ನಿಗೊಂದು ಗುದ್ದಿದರು. ಅವರ ಕೈ ಭಾರ. ಪ್ರೀತಿಯಿಂದ ಗುದ್ದಿದರೂ ಎರಡು ದಿನ ನೋಯುತ್ತದೆ.

ಸೆಪ್ಟೆಂಬರಿನ ಒಂದು ಶುಕ್ರವಾರ, ಹೊರಗೆ ಗಾಳಿಯೇ ಬೆವರುತ್ತಿದ್ದ ದಿನ, ಅಕ್ಕ ಕೈ ಎತ್ತಿ ಹಾಡು ನಿಲ್ಲಿಸಿದರು.

“ಬಸಣ್ಣ, ಸಾಲಿನ ನಡುವೆ ಉಸಿರು ಯಾಕೆ ತೆಗ್ದದ್ದು? ಹೋದ ವಾರವೂ ತೆಗ್ದಿದ್ರಿ.”

“ಸೆಕಿ ಐತ್ರೀ ಸಿಸ್ಟರ್.”

“ಸೆಕೆ ನಮಗೂ ಉಂಟು. ಇಲ್ಲಿ ಬನ್ನಿ.” ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಕೊರಳು ಮುಟ್ಟಿ ನೋಡಿದರು. “ನುಂಗಿ. ಇನ್ನೊಮ್ಮೆ ನುಂಗಿ.” ಅವರ ಮುಖದಲ್ಲಿ ಹಾಡುವ ಅಕ್ಕ ಹೋಗಿ ನರ್ಸ್ ಬಂದದ್ದನ್ನು ಕಂಡೆ. ತಮಾಷೆ ಮಾಡಲು ತೆರೆದ ಬಾಯಿ ಮುಚ್ಚಿಕೊಂಡೆ.

ಥೈರಾಯ್ಡಿನ ಗಂಟು. ಜೀವಕ್ಕೆ ಭಯವಿಲ್ಲ, ಆದರೆ ತೆಗೆಯಲೇಬೇಕು. ದನಿಯ ನರ ಅದಕ್ಕೆ ಅಂಟಿಕೊಂಡೇ ಹೋಗುತ್ತದೆ, ದನಿ ಮೊದಲಿನ ಹಾಗೆ ಉಳಿಯುತ್ತದೆಂದು ಮಾತು ಕೊಡಲಾಗದು ಎಂದರು ಡಾಕ್ಟರು.

ಬಸಣ್ಣ ಊರಿಗೆ ತಿಳಿಸಲಿಲ್ಲ. ‘ಸೈಟ್‌ನ್ಯಾಗ ಕೆಲಸ ಭಾಳ ಐತಿ, ಫೋನ್ ಆಗೂದಿಲ್ಲ’ ಎಂದು ಮಗಳು ಶ್ರಾವಣಿಗೆ ಮೆಸೇಜು ಹಾಕಿದರು. ಆಪರೇಷನ್ನಿನ ಹಿಂದಿನ ದಿನ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ಒಂದೇ ಮಾತು.

“ರಾಜ್ಯೋತ್ಸವದಾಗ ನೀವಿಬ್ಬರೂ ಹಾಡ್ರಿ. ನನ್ನ ಸಾಲು ಖಾಲಿ ಬಿಡ್ರಿ. ಜಪಾನದವ್ರು ಬಿಟ್ಟಾರಲ್ಲ, ಹಂಗ.”

“ಆಯ್ತು ಬಸಣ್ಣ,” ಎಂದೆ. ಯಾರ ದನಿಯಲ್ಲಿ ಹೇಳಿದೆನೋ.

ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಶೆಟ್ಟರು ಮೊದಲು ಒಪ್ಪಿರಲಿಲ್ಲ. “ರಾಜ್ಯೋತ್ಸವಕ್ಕೆ ಜಪಾನಿ ಹಾಡಾ? ನಾಳೆ ದಸರಕ್ಕೆ ಚೀನಾದ ಡ್ರ್ಯಾಗನ್ ತರ್ತೀರಿ ನೀವು!” ಆದರೆ ಅವರ ಮನೆಯ ಹುಡುಗನೇ ಆ ಹಾಡು ಬೇಕೆಂದು ಮೂರು ದಿನ ಊಟ ಬಿಟ್ಟದ್ದರಿಂದ, ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಸನ್ಮಾನಕ್ಕೂ ನಡುವೆ ನಮಗೆ ಐದು ನಿಮಿಷ ಸಿಕ್ಕಿತು.

ತುಂಬಿದ ಸಭಾಂಗಣ. ಕೆಂಪು ಹಳದಿ ಶಾಲು ಹೊದ್ದು ನಾನು ಮತ್ತು ಅಕ್ಕ, ನಡುವೆ ಖಾಲಿ ಮೈಕು. ಹಾಡು ಚೆನ್ನಾಗಿಯೇ ಏರಿತು. ಬಸಣ್ಣನ ಸಾಲು ಬಂತು. ಅಕ್ಕ ಮೈಕಿನ ಕಡೆ ತಿರುಗಿದರು. ನಾನೂ ತಿರುಗಿದೆ. ಒಂದು. ಎರಡು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಮುಂದಿನ ಸಾಲಿನಲ್ಲಿ ಒಂದು ಮಗು, “ಮರ್ತು ಹೋಯ್ತಾ ಅವರಿಗೆ?” ಎಂದು ಕೇಳಿತು. ಅಷ್ಟು ಜನರ ಮುಂದೆ ನಾನು ಜೀವಮಾನದಲ್ಲಿ ಸುಮ್ಮನೆ ನಿಂತವನಲ್ಲ. ಬಾಯಿ ತೆರೆಯಿತು. ಬಸಣ್ಣ ಹೊರಗೆ ಬಂದರು. ಅದೇ ಕೊಡದ ತಳದ ದನಿ, ಅದೇ ಗುಡುಗು, ಕೊನೆಗೆ ಮೀಸೆಯೊಳಗೆ ಮುಗಿಯುವ ಅದೇ ಸಣ್ಣ ನಡುಕ.

ಚಪ್ಪಾಳೆಯೋ ಚಪ್ಪಾಳೆ. ಶೆಟ್ಟರು ಓಡಿ ಬಂದು, “ಆ ದಪ್ಪ ದನಿಯವರು ಎಲ್ಲಿದ್ದಾರೆ ಮಾರಾಯ್ರೆ? ಅವರಿಗೂ ಒಂದು ಶಾಲು ಹಾಕುವ!” ಎಂದರು. ಅಕ್ಕ ನನ್ನನ್ನು ನೋಡಲೂ ಇಲ್ಲ. ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು.

ಮರುದಿನ ಬಸಣ್ಣನ ರೂಮಿಗೆ ಹೋದೆ. ಖುಷಿಯಲ್ಲೇ ಹೋದೆ, ಅದನ್ನು ಮುಚ್ಚಿಡುವುದಿಲ್ಲ. ಆರು ಮಂಚದ ರೂಮು, ಕಿಟಕಿಯ ಪಕ್ಕದ್ದು ಅವರದು. ಕೊರಳಿಗೆ ಬಿಳಿ ಪಟ್ಟಿ. ಇನ್ನೂ ಕೆಲವು ವಾರ ಮಾತಾಡಬಾರದೆಂದು ಡಾಕ್ಟರ ಆಜ್ಞೆ. ನನ್ನನ್ನು ಕಂಡು ಫೋನು ಎತ್ತಿ ಶ್ರಾವಣಿಯ ಧ್ವನಿ ಸಂದೇಶವೊಂದನ್ನು ಹಚ್ಚಿದರು. ಸಂಘದವರು ಸಭಾಂಗಣದ ಹಿಂದಿನಿಂದ ತೆಗೆದು ಹಾಕಿದ ವಿಡಿಯೋ ಇಳಕಲ್ ತನಕ ಹೋಗಿತ್ತು.

“ಅಪ್ಪಾ, ಎಷ್ಟ್ ಛಂದ ಹಾಡೀಯೋ! ನೀ ಎಲ್ಲೂ ಕಾಣಲೇ ಇಲ್ಲ, ಪರದೆ ಹಿಂದ ನಿಂತಿದ್ದೇನು? ಧ್ವನಿ ಕೇಳಿದ ಕೂಡ್ಲೇ ಅವ್ವಗ ಹೇಳಿದೆ, ಇದು ನಮ್ಮಪ್ಪಂದ ಅಂತ.”

“ನೋಡಿ ಬಸಣ್ಣ!” ಎಂದು ನಾನು ತೊಡೆ ತಟ್ಟಿದೆ. “ಮಗಳಿಗೇ ಗೊತ್ತಾಗ್ಲಿಲ್ಲ!”

ಹೇಳಿ ಮುಗಿಸುವಷ್ಟರಲ್ಲಿ ಚಹಾದ ಗ್ಲಾಸು ಹಿಡಿದು ಅರ್ಧ ದಾರಿಯಲ್ಲಿ ನಿಂತ ಉಮ್ಮನ ಮುಖ ನನ್ನ ಮುಂದೆ ಬಂತು.

ಬಸಣ್ಣ ಡೈರಿ ತೆಗೆದು ಬರೆದರು. ದಪ್ಪ ದಪ್ಪ ಅಕ್ಷರ. ‘ನನ್ನ ಮಗಳು ನಿನ್ನ ಧ್ವನಿಗೆ ಅಪ್ಪಾ ಅಂದ್ಲು.’ ಅದರ ಕೆಳಗೆ: ‘ಖಾಲಿ ಬಿಟ್ಟಿದ್ರ ನನಗ ತಿರುಗಿ ಬರಾಕ ಒಂದು ಜಾಗಾ ಇರತಿತ್ತು.’

ಕ್ಷಮೆ ಕೇಳುವುದನ್ನು ಯಾರ ದನಿಯಲ್ಲೂ ಅಭ್ಯಾಸ ಮಾಡಿರಲಿಲ್ಲ. ಮಂಚದ ತುದಿಯಲ್ಲಿ ಕುಳಿತೆ. “ತಪ್ಪಾಯ್ತು ಬಸಣ್ಣ. ಸುಮ್ಮನೆ ನಿಲ್ಲಲಿಕ್ಕೆ ಆಗ್ಲಿಲ್ಲ ನನಗೆ. ಹೆದರಿಕೆ ಆಯ್ತು.” ಅವರು ಡೈರಿಯ ಹಾಳೆ ತಿರುವಿದರು. ಆಮೇಲೆ ಮತ್ತೆ ಬರೆದರು. ‘ಶ್ರಾವಣಿಗೆ ಖರೇ ಹೇಳು. ಆಪರೇಷನ್ನೂ ಹೇಳು. ನಾ ಬರದ್ರ ಅಂಜತಾಳ. ನಿನ್ನ ಧ್ವನ್ಯಾಗ ಹೇಳು, ನನ್ನದರಾಗ ಅಲ್ಲ.’

ಎಂಥ ಶಿಕ್ಷೆ ನೋಡಿ. ಮೆಟ್ಟಿಲ ಮೇಲೆ ಕುಳಿತು ರೆಕಾರ್ಡ್ ಮಾಡಿದೆ. ಮೊದಲನೆಯದು ವಾರ್ತೆ ಓದುವವರ ಹಾಗೆ ಬಂತು, ಅಳಿಸಿದೆ. ಎರಡನೆಯದರಲ್ಲಿ ನನ್ನ ಮ್ಯಾನೇಜರಿದ್ದರು. ಮೂರನೆಯದು ಮೆಟ್ರೋದ ಹೆಂಗಸು. ಏಳನೆಯ ಸಲ ಒಂದು ದನಿ ಬಂತು. ಸ್ವಲ್ಪ ಕೀರಲು, ಸ್ವಲ್ಪ ತೊದಲು, ಮೂಗಿನಲ್ಲಿ ನೆಗಡಿ. ಇದು ಯಾರದಪ್ಪಾ ಎಂದು ನಾನೇ ಎರಡು ಸಲ ಕೇಳಿದೆ. ಅದನ್ನೇ ಕಳಿಸಿದೆ.

ಶ್ರಾವಣಿಯ ಉತ್ತರ ಮರುದಿನ ಬಂತು, ಒಂದೇ ಸಾಲು: “ಅಂಕಲ್, ಅಪ್ಪಗ ಧ್ವನಿ ಬರತೈತಲ್ಲ?”

ನನಗಾಗ ಇಪ್ಪತ್ಮೂರು. ಅಂಕಲ್ ಎಂದದ್ದಕ್ಕೆ ಬೇರೆ ದಿನವಾಗಿದ್ದರೆ ಜಗಳ ಮಾಡುತ್ತಿದ್ದೆ.

ಜಾಯ್ಲಿನ್ ಅಕ್ಕ ಎರಡು ಶುಕ್ರವಾರ ಬೇಸ್‌ಮೆಂಟಿಗೆ ಇಳಿಯಲಿಲ್ಲ. ನಾನೊಬ್ಬನೇ ಕಂಬದ ಹತ್ತಿರ ನಿಂತು ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ. ಬೆರಳು ಮಡಚುತ್ತ ಒಂದರಿಂದ ಎಂಟು. ನಗಬೇಡಿ, ಕಷ್ಟವಿದೆ. ಮೂರರಲ್ಲಿ ನಾಲಗೆ ತುರಿಸುತ್ತದೆ, ಐದರಲ್ಲಿ ಲೋಕವೆಲ್ಲ ನಮ್ಮನ್ನೇ ನೋಡುತ್ತಿದೆ ಅನಿಸುತ್ತದೆ. ಮೂರನೆಯ ವಾರ ಲಿಫ್ಟಿನ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. “ಆರರ ನಂತರ ಓಡ್ತಾ ಇದ್ದೀ,” ಎಂದರು. “ನಿಧಾನ ಎಣಿಸು. ಬಸಣ್ಣ ಓಡುದಿಲ್ಲ.”

ಡಿಸೆಂಬರಿನ ತಂಪಿನಲ್ಲಿ, ವೆಸ್ಟ್ ಬೇಯ ಒಂದು ಹೋಟೆಲಿನ ಸಭಾಂಗಣದಲ್ಲಿ ಕಾರ್ಟೂನು ಹುಚ್ಚರ ಸಂತೆ; ಅಲ್ಲಿ ಅಕ್ಕನಿಗೂ ನನಗೂ ಹಾಡಲು ಅವಕಾಶ. ರಟ್ಟಿನ ಕತ್ತಿ, ನೀಲಿ ಕೂದಲು, ನಾಲ್ಕು ಅಡಿಯ ರೋಬೋಟುಗಳ ನಡುವೆ ಬಸಣ್ಣ ಬಿಳಿ ಜುಬ್ಬಾ ಹಾಕಿ, ಕೊರಳಿಗೆ ಮಫ್ಲರು ಸುತ್ತಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರದ್ದೂ ಒಂದು ವೇಷ ಎಂದುಕೊಂಡು ಇಬ್ಬರು ಹುಡುಗಿಯರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಫೋನಿನಲ್ಲಿ ಶ್ರಾವಣಿ. ಅದನ್ನು ವೇದಿಕೆಯ ಕಡೆ ಹಿಡಿದುಕೊಂಡಿದ್ದರು. ಡಾಕ್ಟರಿಂದ ಬಸಣ್ಣನಿಗೆ ಮಾತಿಗೆ ಅಪ್ಪಣೆ ಸಿಕ್ಕಿತ್ತು, ಆದರೆ ಬರುತ್ತಿದ್ದದ್ದು ಗಾಳಿಯಷ್ಟೇ.

ಸಾಲು ಬಂತು. ಅಕ್ಕ ತಿರುಗಿದರು, ನಾನು ತಿರುಗಿದೆ. ಒಂದು, ಎರಡು. ಮೂರಕ್ಕೆ ಮಲಯಾಳಿ ಸೌಂಡಿನವನು, “ಅಯ್ಯೋ, ಮೈಕ್ ಪೋಯಿ!” ಎಂದು ತಂತಿ ಹಿಡಿದು ವೇದಿಕೆಗೆ ಓಡಿಬಂದ. ನಾಲ್ಕು. ಖಾಲಿ ಮೈಕನ್ನು ಬಡಿದು ‘ಟಕ್ ಟಕ್’ ಮಾಡಿದ. ಐದು. ನನ್ನ ಬಾಯಿ ತೆರೆಯಲು ನೋಡಿತು. ತುಟಿ ಕಚ್ಚಿ ಹಿಡಿದೆ. ಆರು. ಮುಂದಿನ ಸಾಲಿನಲ್ಲಿ ಬಸಣ್ಣ ಸದ್ದಿಲ್ಲದೆ ನಗುತ್ತಿದ್ದರು, ಹೊಲಿಗೆ ನೋಯದ ಹಾಗೆ ಒಂದು ಕೈ ಕೊರಳಿಗೆ ಒತ್ತಿಕೊಂಡು. ಏಳು. ಇನ್ನೊಂದು ಕೈ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಎಂಟು.

ಚಪ್ಪಾಳೆ ಅಷ್ಟೇನೂ ಬರಲಿಲ್ಲ. ಮೈಕ್ ಕೆಟ್ಟಿತೆಂದು ಸಂಘಟಕರು ನಮ್ಮ ಕ್ಷಮೆ ಕೇಳಿದರು. ಬಸಣ್ಣ ನನ್ನ ಬೆನ್ನಿಗೆ ಒಂದು ಗುದ್ದಿದರು. ಎರಡು ದಿನ ನೋಯಿತು.

ಮಾರ್ಚಿನಲ್ಲಿ ಅವರ ಕೆಲಸದ ಒಪ್ಪಂದ ಖಲಾಸ್ ಆಯಿತು. ವಿಮಾನ ನಿಲ್ದಾಣದಲ್ಲಿ ಪಿಸುದನಿಯಲ್ಲಿ, “ಜಾಗಾ ಹಂಗ ಇಡ್ರಿ,” ಎಂದು ಹೇಳಿ ಹೋದರು. ಆಮೇಲೆ ಅಕ್ಕ ಐರ್ಲೆಂಡಿನ ಆಸ್ಪತ್ರೆಗೆ ಹೋದರು. ನಾನು ಇಲ್ಲೇ ಉಳಿದೆ, ಮ್ಯಾನೇಜರಿನ ದನಿಯೊಂದಿಗೆ. ಬಸಣ್ಣ ಆಗಾಗ ಮೆಸೇಜು ಬರೆಯುತ್ತಿದ್ದರು, ಶ್ರಾವಣಿ ಹತ್ತನೆಯ ತರಗತಿಗೆ ಬಂದದ್ದು, ಊರಲ್ಲಿ ಅಂಗಡಿ ಹಾಕಿದ್ದು. ಧ್ವನಿ ಸಂದೇಶ ಮಾತ್ರ ಒಂದು ದಿನವೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ.

ಕಳೆದ ಶುಕ್ರವಾರ ಆ ಕಂಬದ ಹತ್ತಿರ ನಿಂತಾಗ ಏನನ್ನಿಸಿತೋ, ಫೋನು ತೆಗೆದು ಹಾಡಿನ ಎರಡು ಸಾಲು ಹಾಡಿ, ಎಂಟು ಎಣಿಕೆ ಸುಮ್ಮನಿದ್ದು, ಮುಂದಿನ ಸಾಲು ಹಾಡಿ ಅವರಿಗೆ ಕಳಿಸಿದೆ. ಆ ಎಂಟರಲ್ಲಿ ಎ.ಸಿ. ನೀರು ಹನಿದದ್ದಷ್ಟೇ ದಾಖಲಾಗಿತ್ತು.

ಫ್ರಿಜ್ಜನ್ನು ಗಾಡಿಗೆ ಏರಿಸಿ ಹಗ್ಗ ಬಿಗಿಯುವಷ್ಟರಲ್ಲಿ ಉತ್ತರ ಬಂತು. ಧ್ವನಿ ಸಂದೇಶ. ಹಿಂದೆ ಹುಡುಗಿಯೊಬ್ಬಳು ಮೆಲ್ಲಗೆ ಎಣಿಸುತ್ತಿದ್ದಳು. ಎಣಿಕೆಯ ಮೇಲೆ ಒಂದು ದನಿ. ಕೊಡದ ತಳದ ಗುಡುಗು ಅದರಲ್ಲಿರಲಿಲ್ಲ. ಕೊಡದ ಬಾಯಿಗೆ ಗಾಳಿ ಊದಿದ ಹಾಗಿತ್ತು, ಎರಡು ಕಡೆ ಒಡೆಯಿತು, ನಡುವೆ ಒಮ್ಮೆ ಉಸಿರು ತೆಗೆದುಕೊಂಡಿತು. ಆದರೂ ಓಡಲಿಲ್ಲ. ಎಂಟಕ್ಕೆ ಸರಿಯಾಗಿ ಮುಗಿಯಿತು, ಕೊನೆಗೆ ಮೀಸೆಯೊಳಗೆ ಆ ಸಣ್ಣ ನಡುಕ.

ಮೂರು ಸಲ ಕೇಳಿದೆ. ನೌಫಲ್ ಹತ್ತಿರ ಬಂದ.

“ಯಾರಾ ಅದು?”

“ಬಸಣ್ಣ.”

“ಒಳ್ಳೇ ಉಂಟು ಮಾರಾಯ ಆ ದನಿ. ಒಮ್ಮೆ ಅವರ ಹಾಗೆ ಮಾಡಿ ತೋರ್ಸು ನೋಡುವ.”

“ಇಲ್ಲ,” ಎಂದೆ, ನೆಗಡಿಯ ಮೂಗಿನ ನನ್ನದೇ ದನಿಯಲ್ಲಿ. “ಅದು ಅವರದ್ದು.”